ಚೀನಾ ಜಾಡಿಯ ಜೋಡಿ ಬಾತು

ಕ್ಯಾಲನೂರು
9-2-1941

ಯಜಮಾನರಿಗೆ ವೆಂಕಟರತ್ನಮ್ಮ ಮಾಡುವ ನಮಸ್ಕಾರಗಳು.

ಅತ್ತೆಯವರು ಹೇಗೋ ಇದ್ದಾರೆ. ಎಬ್ಬಿಸಿ ಕೂರಿಸಿದರೆ ಎರಡು ಗುಟುಕು ಗಂಜಿ ಕುಡಿಯುತ್ತಾರೆ. ಎತ್ತಿ ಇಳಿಸಿ ನನಗೂ ಸೊಂಟ ಹಿಡಿದಿದೆ. ಅದಿರಲಿ.

ಚೀನಾ ಜಾಡಿಯನ್ನು ಕಳಿಸಬೇಕೆಂದು ಹೋದ ವಾರ ಸೊಣ್ಣಪ್ಪನ ಹತ್ತಿರ ಹೇಳಿಕಳಿಸಿದ್ದಿರಿ. ಗಣಿಯ ದೊರೆಸಾನಿ ಸೀಮೆಗೆ ಹೊರಟಾಗ ನಿಮಗೆ ಕೊಟ್ಟದ್ದು. ತಂದ ದಿನ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಆಕೆ ಹೇಳಿದ್ದನ್ನೆಲ್ಲ ಹೇಳಿದಿರಿ. ಐದು ಕೆಂಪು ಬಾವಲಿಗಳೆಂದರೆ ಚೀನಾದವರಿಗೆ ಐದು ಭಾಗ್ಯ. ಗುಲಾಬಿ ಬಣ್ಣದ ಹಣ್ಣು ದೀರ್ಘಾಯುಸ್ಸು. ತಾವರೆ ಕೊಳದ ಜೋಡಿ ಬಾತು ಎಂದೂ ಅಗಲದ ಗಂಡಹೆಂಡಿರು. ಗಂಡು ಬಾತಿಗೇ ಎಲ್ಲ ಬಣ್ಣ, ಹೆಣ್ಣು ಬರೀ ಕಂದು ಎಂದು ನಾನು ನಕ್ಕಿದ್ದೆ. ಬಣ್ಣ ಬೆರಳಿಗೆ ಉಬ್ಬುಬ್ಬಾಗಿ ಸಿಗುತ್ತಿತ್ತು.

ನೀವು ಗಣಿಗೆ ಹಿಂತಿರುಗಿದ ಮೇಲೆ ಅತ್ತೆ ಅದನ್ನು ನೋಡಿ, "ಅಯ್ಯೋ, ಗಬ್ಬಿಲಾಲು! ಮನೆಯೊಳಕ್ಕೆ ಬಾವಲಿ ತಂದವ್ನಲ್ಲೇ ನಿನ್ ಗಂಡ! ಮನೆ ಹಾಳುಬೀಳಲಿ ಅಂತಲಾ? ಉಜ್ಜಾಕೇ!" ಎಂದು ಕೂಗಾಡಿದರು. ಚೀನಾದಲ್ಲಿ ಅದು ಶುಭವಂತೆ ಎಂದೆ. "ಹಂಗಾರೆ ಚೀನಾಕ್ಕೇ ಹೋಗಿ ಸಂಸಾರ ಮಾಡು, ಹೋಗು" ಎಂದರು. ಹಿತ್ತಾಳೆ ಚೆಂಬನ್ನು ಬೆಳಗುವ ಹಾಗೆ ಹುಣಸೆಹಣ್ಣು, ಒಲೆಬೂದಿ ಹಾಕಿ ಉಜ್ಜಿದೆ. ನಾಲ್ಕು ದಿನಕ್ಕೆ ಐದೂ ಭಾಗ್ಯ ಬೂದಿನೀರಿನಲ್ಲಿ ಹೋದವು. ಆಮೇಲೆ ಅದರಲ್ಲಿ ನಿಂಬೆಕಾಯಿ ಉಪ್ಪಿನಕಾಯಿ ಹಾಕಿಟ್ಟಿದ್ದೆ. ನೀವು ಊರಿಗೆ ಬಂದು ಎರಡು ವರ್ಷವಾಯಿತು, ನೋಡುವವರು ಯಾರು?

ಸೊಣ್ಣಪ್ಪ, "ಅಲ್ಲಿ ಅಮ್ಮೋರು ಹೂವಿಡಕ್ಕೆ ಕೇಳವ್ರೆ ಕಣಕ್ಕಾ" ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ. ಯಾವ ಅಮ್ಮೋರು ಎಂದು ನಾನು ಕೇಳಲಿಲ್ಲ. ಪಾಪ, ಬೆವರುತ್ತಿದ್ದ. ಮಜ್ಜಿಗೆ ಕೊಟ್ಟು ಕಳಿಸಿದೆ.

ಉಪ್ಪಿನಕಾಯಿ ಬೇರೆ ಮಡಕೆಗೆ ಸುರಿದು, ಜಾಡಿಯನ್ನು ತೊಳೆದು ಒಣಗಿಸಿ, ರಾಗಿಹುಲ್ಲು ಸುತ್ತಿ ಇವತ್ತು ಅವನ ಕೈಗೇ ಕೊಡುತ್ತಿದ್ದೇನೆ. ಹಣ್ಣು, ತಾವರೆ ಚೆನ್ನಾಗಿಯೇ ಇವೆ. ಬಾವಲಿ ಉಜ್ಜುವಾಗ ಕೈತಾಕಿ ಗಂಡು ಬಾತೂ ಅಳಿಸಿಹೋಗಿದೆ. ಹೆಣ್ಣೊಂದೇ ನೀರಿನಲ್ಲಿದೆ. ಹೂವಿಟ್ಟರೆ ಅಷ್ಟಾಗಿ ಕಾಣಿಸದು.

ಅತ್ತೆ ದಿನಾ ನಿಮ್ಮನ್ನು ಕೇಳುತ್ತಾರೆ. ಅವರು ಕಣ್ಣುಮುಚ್ಚುವುದರೊಳಗೆ ಒಮ್ಮೆ ಬನ್ನಿ. ನನಗೋಸ್ಕರ ಬರಬೇಕಾದ್ದಿಲ್ಲ.

ಇಂತಿ,
ವೆಂಕಟರತ್ನಮ್ಮ

ಮರೆತಿದ್ದೆ: ಬಾವಲಿಗಳಿದ್ದದ್ದು ಜಾಡಿಯ ಕತ್ತಿನ ಸುತ್ತ, ಬಾತುಗಳು ಕೆಳಗೆ ತಳದ ಹತ್ತಿರ. ಅಲ್ಲಿಗೆ ಕೈ ತಾಕುವುದಿಲ್ಲ. ಹೋದ ವಾರ ಸೊಣ್ಣಪ್ಪ ಮಜ್ಜಿಗೆ ಕುಡಿದು ಹೋದ ಮೇಲೆ ಉಜ್ಜಲು ಕೂತೆ. ಸಂಜೆಯವರೆಗೂ ಹಿಡಿಯಿತು.