ಮುಟ್ಟದೆ ಬೆಳೆದವರು

ಧಾರವಾಡ ಏರುನಗರ
ಫೆಬ್ರವರಿ 30, 2151

ಡಾ. ಇಂದುಮತಿ ಕುಷ್ಟಗಿ ಅವರಿಗೆ,

ದಿನಾಂಕ ನೋಡಿ ನಗಬೇಡಿ. ನಮ್ಮ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಕೊನೆಗೆ ಉಳಿಯುವ ಐದು ದಿನ ಊರಿಗೆಲ್ಲ ರಜೆ. ನನ್ನ ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ, ಕೈಯಿಂದ ಬರೆದು ನಮಗೆ ರೂಢಿಯಿಲ್ಲ. ನಾನು ಕ್ಷಮೆ ಕೇಳುವುದು ಇಷ್ಟಕ್ಕೆ ಮಾತ್ರ.

ನನ್ನ ಹೆಸರು ಹೊನ್ನಶ್ರೀ. ನಿಮ್ಮ ಅಧ್ಯಯನಕ್ಕೆ ಬರುವ ಅಂಚೆ ಕಚೇರಿಯ ಗುಮಾಸ್ತೆ ಅನ್ನಪೂರ್ಣ ಹಳ್ಯಾಳ ನನ್ನ ಮುತ್ತಜ್ಜಿಯ ತಾಯಿ. ಈ ಪತ್ರ ನೂರು ವರ್ಷಕ್ಕೂ ಹಿಂದಕ್ಕೆ ಹೋಗಿ, ಅವಳ ಬಸಿರಿನ ಎಂಟನೆಯ ತಿಂಗಳಲ್ಲಿ ನಿಮ್ಮ ಕೈಸೇರಲಿ ಎಂದು ಬರೆಯುತ್ತಿದ್ದೇನೆ.

ನಮ್ಮಲ್ಲಿ ನೀರು ಕಡಿಮೆ, ಸ್ನಾನವೆಲ್ಲ ಮಂಜುಕೋಣೆಯಲ್ಲಿ, ಬೆಚ್ಚನೆಯ ಹಬೆಯಲ್ಲಿ. ಬಾಣಂತಿಯರು ಕೂಸನ್ನು ಎದೆಗೊತ್ತಿಕೊಂಡು ಒಳಗೆ ಹೋಗುತ್ತಾರೆ. ನಮ್ಮ ಮನೆಯವರು ಮಾತ್ರ ಹೋಗುವುದಿಲ್ಲ. ನಮಗೆ ಕೈಗಡಿ ಇದೆ. ಅಂದರೆ ಹೆತ್ತವಳು ಒಂದು ವರ್ಷ ಕೂಸನ್ನು ಮುಟ್ಟುವಂತಿಲ್ಲ. ಹಿಂದೆ ನೆರೆಮನೆಯ ಹೆಂಗಸರು ಬಂದು ಎತ್ತುತ್ತಿದ್ದರಂತೆ. ಈಗ ಎತ್ತುವುದು, ಒರೆಸುವುದು, ಮಲಗಿಸುವುದು ಎಲ್ಲ ತೂಗುಗೈ ಎಂಬ ಯಂತ್ರದ ಕೆಲಸ. ಅವ್ವ ನನ್ನನ್ನು ಮೊದಲ ಸಲ ಮುಟ್ಟಿದ್ದು ನಾನು ನಡೆಯಲು ಕಲಿತ ಮೇಲೆ. ಯಾಕೆಂದು ಕೇಳಿದರೆ ಅವಳದು ಒಂದೇ ಮಾತು: “ಹಿರೇರು ಹೇಳ್ಯಾರವ್ವ, ನಮ್ಮ ಕೈ ಚಲೋ ಅಲ್ಲಂತ.”

ನನ್ನ ಮಗಳು ಹುಟ್ಟಿ ಹತ್ತೊಂಬತ್ತು ದಿನವಾಯಿತು. ಇಲ್ಲಿ ಹುಟ್ಟಿದ ದಿನವೇ ಮಗುವಿನ ವಂಶವಾಹಿಗಳನ್ನು ಪೂರ್ತಿ ಓದಿ ಹುಟ್ಟೋಲೆ ಕೊಡುತ್ತಾರೆ. ಮಗಳದರಲ್ಲಿ ಒಂದು ಸಾಲಿತ್ತು: ಮುಟ್ಟಿದರೆ ಬೊಬ್ಬೆಯೇಳುವ ಅಪರೂಪದ ಚರ್ಮರೋಗದ ಎಳೆ ಈ ವಂಶದಲ್ಲಿದೆ, ಮಗುವಿಗೆ ರೋಗವಿಲ್ಲ. ಅದರ ಬೆನ್ನು ಹತ್ತಿ ನಿಮ್ಮ ಕಡತ ತೆಗೆಸಿದೆ. ನೂರು ವರ್ಷ ದಾಟಿದ ಸಂಶೋಧನೆಯ ಕಾಗದಗಳನ್ನು ಈಗ ಯಾರು ಬೇಕಾದರೂ ಓದಬಹುದು.

ಮಕ್ಕಳಾಗದವರ ಸಂಕಟವನ್ನು ನೀವು ಅಂಕಗಳಲ್ಲಿ ಅಳೆಯುತ್ತೀರಿ. ಅನ್ನಪೂರ್ಣ ಮೊದಲ ದಿನ ಹೇಳಿದ್ದನ್ನು ನೀವೇ ಬರೆದುಕೊಂಡಿದ್ದೀರಿ: “ಡಾಕ್ಟರ್ರ, ಕೂಸು ಹೆಂಗರ ಇರ್ಲಿ, ನನ್ನ ಕೈಯಾಗ ಆಡಿದ್ರ ಸಾಕು. ಖರೆ, ನನ್ನ ಮುಂದ ಏನೂ ಮುಚ್ಚಿಡಬ್ಯಾಡ್ರಿ.” ಅವಳೂ, ಸೋದರಮಾವನ ಮಗನೇ ಆದ ಅವಳ ಗಂಡನೂ ಅದೇ ಕಟ್ಟಡದ ಚರ್ಮರೋಗದ ಅಧ್ಯಯನಕ್ಕೂ ರಕ್ತ ಕೊಟ್ಟಿದ್ದರು. ಇಬ್ಬರಲ್ಲೂ ಆ ಎಳೆಯಿದೆ, ನಾಲ್ಕರಲ್ಲಿ ಒಂದು ಕೂಸಿಗೆ ರೋಗ ಬರಬಹುದು ಎಂಬ ವರದಿ ಅವಳು ಬಸಿರಾದ ಐದನೆಯ ತಿಂಗಳಲ್ಲೇ ನಿಮ್ಮ ಮೇಜಿಗೆ ಬಂತು. ಅಂಚಿನಲ್ಲಿ ನಿಮ್ಮ ಅಕ್ಷರ: “ಸಂಕಟದ ಅಂಕ ಮೂವತ್ತೊಂದರಿಂದ ಒಂಬತ್ತಕ್ಕೆ ಇಳಿದಿದೆ. ಈಗ ಹೇಳಿದರೆ ಮತ್ತೆ ಏರುತ್ತದೆ. ಅಧ್ಯಯನ ಮುಗಿಯಲಿ.”

ಮುಂದೆ ಆಗುವುದನ್ನು ಕೇಳಿ. ಕೂಸು ಹುಟ್ಟಿದ ಮೂರನೆಯ ದಿನ ಅನ್ನಪೂರ್ಣಳ ತಾಯಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿ, ಎಲ್ಲರ ಮನೆಯಲ್ಲೂ ಮಾಡುವಂತೆ ಎಣ್ಣೆ ತಿಕ್ಕಿ ಎರೆಯುತ್ತಾಳೆ. ಚರ್ಮ ಸುಲಿದು ಬರುತ್ತದೆ. ಅನ್ನಪೂರ್ಣ ಗಾಬರಿಯಿಂದ ಕಂಕುಳಿಗೆ ಕೈಹಾಕಿ ಎತ್ತುತ್ತಾಳೆ, ಅಲ್ಲೂ ಸುಲಿಯುತ್ತದೆ. ಒಂಬತ್ತನೆಯ ದಿನ ಕೂಸು ತೀರಿಕೊಳ್ಳುತ್ತದೆ. ಹೆತ್ತವಳ ಕೈಯಲ್ಲೇ ದೋಷವೆಂದು ಮನೆಯವರು ಅನ್ನುತ್ತಾರೆ, ಅವಳೂ ನಂಬುತ್ತಾಳೆ. ಎರಡನೆಯ ಮಗಳನ್ನು ವರ್ಷವಿಡೀ ಮುಟ್ಟುವುದಿಲ್ಲ. ಆ ಮಗಳಿಗೆ ರೋಗವೇ ಇರುವುದಿಲ್ಲ, ಬದುಕುತ್ತಾಳೆ. ಮುಟ್ಟದಿದ್ದುದರಿಂದಲೇ ಬದುಕಿದಳೆಂದು ಎಲ್ಲರಿಗೂ ಖಾತ್ರಿಯಾಗುತ್ತದೆ.

ಕಡತ ಓದಿದರೆ ನೀವು ಕೆಟ್ಟವರೆಂದು ಅನಿಸುವುದಿಲ್ಲ, ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಅವಳು ಅತ್ತಾಗ ನೀರು ಕೊಟ್ಟಿರಿ, ಕೈ ಹಿಡಿದುಕೊಂಡಿರಿ. ನಂಬಿಸಿ ಕತ್ತು ಕೊಯ್ದಿರಿ. ನನಗೀಗ ಎಲ್ಲ ಗೊತ್ತು. ಆದರೂ ತೊಟ್ಟಿಲ ಹತ್ತಿರ ಹೋದರೆ ಕೈ ಮೇಲೇಳುವುದಿಲ್ಲ. ನಿನ್ನೆ ಮಗಳು ಅತ್ತು ಅತ್ತು ಸೋತಳು, ನಾನು ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದೆ.

ಅನ್ನಪೂರ್ಣಳ ನಂಬರು ಕಡತದ ಮೊದಲ ಪುಟದಲ್ಲಿದೆ. ಇವತ್ತೇ ಫೋನ್ ಮಾಡಿ. ಎಣ್ಣೆ ತಿಕ್ಕಬೇಡ, ಕಂಕುಳಿಗೆ ಕೈ ಹಾಕಬೇಡ, ಮೆತ್ತನೆಯ ಬಟ್ಟೆಯ ಸಮೇತ ಅಂಗೈ ಮೇಲೆ ಎತ್ತು ಎಂದು ಹೇಳಿ. ಅವಳು ಅಳುತ್ತಾಳೆ. ನಿಮ್ಮ ಅಂಕ ಏರುತ್ತದೆ, ಏರಲಿ. ಅಷ್ಟಾದರೂ ಕೂಸು ಉಳಿಯದೇ ಹೋಗಬಹುದು. ಆದರೆ ತಾನೇ ಕೊಂದೆ ಎಂದುಕೊಂಡು ಅವಳು ಬದುಕಬಾರದು.

ಅನ್ನಪೂರ್ಣಳ ಮನೆಯವಳು,
ಹೊನ್ನಶ್ರೀ