ಲಸಿಕೆ ಚೀಟಿ ರದ್ದಾದ ಮೇಲೆ

ಕೆಂಪಹಳ್ಳ,
ಬೇಸಿಗೆ ತಿಂಗಳು, ಮೂವತ್ತೆಂಟನೆಯ ದಿನ, 2171

ಒಂದೂವರೆ ಶತಮಾನದ ಹಿಂದಿರುವ ತಾಯಿತಂದೆಯರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ಬಿಸಿಲು ಮುಗಿಯದ ಕಾರಣ ನಾವು ಬೇಸಿಗೆ ತಿಂಗಳನ್ನು ನಲವತ್ತು ದಿನಕ್ಕೆ ಎಳೆದುಕೊಂಡಿದ್ದೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಬಹುದು, ಮನ್ನಿಸಿ. ನನ್ನ ಹೆಸರು ನೀಲಾಂಬಿಕಾ ಕಡೇಮನಿ. ಇಪ್ಪತ್ತು ವರ್ಷ ನರ್ಸ್ ಆಗಿದ್ದು, ಆಮೇಲೆ ಪ್ರಾಂತಸಭೆಗೆ ಆರಿಸಿ ಬಂದವಳು. ಸಭೆಯೆಂದರೆ ಒಂಬತ್ತು ಜನ. ನೀರು, ಶಾಲೆ, ಆಸ್ಪತ್ರೆ ಎಲ್ಲವೂ ನಮ್ಮ ಕೈಯಲ್ಲೇ.

ಆರು ವರ್ಷದ ಹಿಂದೆ ನಮ್ಮ ಬೀದಿಗೋಡೆಗಳ ಮೇಲೆ, ಅಂದರೆ ಓಣಿಯವರೆಲ್ಲ ನಿಂತು ಸುದ್ದಿ ನೋಡುವ ದೊಡ್ಡ ಪರದೆಗಳ ಮೇಲೆ, ಒಂದು ಚಿತ್ರ ಓಡಾಡಿತು. ಚುಚ್ಚುಮದ್ದು ಹಾಕಿಸಿದ ಮೂರನೆಯ ದಿನ ಒಬ್ಬ ಹುಡುಗ ಸತ್ತಿದ್ದ. ಅವನಿಗೆ ಹಾವು ಕಚ್ಚಿತ್ತೆಂದು ಆಸ್ಪತ್ರೆಯವರಿಗೆ ವಾರದ ಮೇಲೆ ಗೊತ್ತಾಯಿತು. ಅಷ್ಟರಲ್ಲಿ 'ಬರಿತೋಳು' ಎಂಬ ಪಕ್ಷ ಹುಟ್ಟಿ, ಶಾಲೆಗೆ ಸೇರಿಸಲು ಲಸಿಕೆ ಚೀಟಿ ಬೇಡವೆಂಬ ಮಸೂದೆ ಸಭೆಯ ಮುಂದೆ ಬಂದಿತ್ತು. ನಾಲ್ಕು ಮತ ಆಚೆ, ನಾಲ್ಕು ಈಚೆ. ಉಳಿದವಳು ನಾನು. ಹೊರಗೆ ನನ್ನ ಓಣಿಯವರೇ ಕೂಗುತ್ತಿದ್ದರು, ಚುನಾವಣೆಗೆ ಎರಡೇ ತಿಂಗಳಿತ್ತು. ಚೀಟಿ ರದ್ದಾಗಲೆಂದು ಕೈ ಎತ್ತಿದೆ. ಚುನಾವಣೆಯನ್ನೂ ಗೆದ್ದೆ.

ಈ ಬೇಸಿಗೆಯಲ್ಲಿ ಗಂಟಲುಮಾರಿ, ನೀವು ಡಿಫ್ತೀರಿಯಾ ಎನ್ನುವ ರೋಗ, ಬಂತು. ಎದುರುಮನೆಯ ಶಿವಗಂಗಾಳ ಮಗಳು ಪ್ರಣತಿಗೆ ಐದು ವರ್ಷ. ಮೊದಲು ದನಿ ಒಡೆಯಿತು. ಬಾಯಿ ತೆರೆಸಿ ನೋಡಿದರೆ ಗಂಟಲಲ್ಲಿ ಬೂದುಬಣ್ಣದ ಪೊರೆ. ನಾನದನ್ನು ಪುಸ್ತಕದಲ್ಲಷ್ಟೇ ಕಂಡಿದ್ದೆ, ಆದರೂ ಗುರುತು ಸಿಕ್ಕಿತು. ಆ ರೋಗದ ವಿಷ ಇಳಿಸುವ ಮದ್ದು ಪ್ರಾಂತದಲ್ಲೆಲ್ಲೂ ಇರಲಿಲ್ಲ. ಔಷಧ ಹೊತ್ತು ಹಾರಿಬರುವ ತಂಪುಹಕ್ಕಿ ಎಂಬ ಯಂತ್ರಕ್ಕೆ ಬೇಡಿಕೆ ಕಳಿಸಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಆಕಾಶ ನೋಡುತ್ತ ಕುಳಿತೆವು. ಶಿವಗಂಗಾ ಕೇಳಿದಳು:

"ನೀ ನರ್ಸ್ ಇದ್ದಾಕಿ, ಅಕ್ಕಾ. ಆ ಹುಡುಗಗ ಹಾವು ಕಡದಿದ್ದು ನಿನಗ ಗೊತ್ತಿತ್ತೇನು?"

"ಗೊತ್ತಿತ್ತವ್ವಾ."

"ಮತ್ತ ನನಗ್ಯಾಕ ಹೇಳಲಿಲ್ಲ? ಸೂಜಿ ಬ್ಯಾಡ ಅಂತ ನೀನ ಕೈ ಎತ್ತೀದಿ ಅಂತಂದು ನಾನೂ ಹಾಕಸಲಿಲ್ಲ."

ಹಕ್ಕಿ ಮರುದಿನ ಮಧ್ಯಾಹ್ನ ಬಂತು. ಪ್ರಣತಿ ಬೆಳಿಗ್ಗೆಯೇ ಹೋಗಿದ್ದಳು.

ಮೂರು ದಿನದ ಮೇಲೆ ಶಿವಗಂಗಾ ಮೊಲೆಹಾಲಿನ ಮಗನನ್ನು ಎತ್ತಿಕೊಂಡು ಬಂದು, ಅವನ ತೊಡೆಯನ್ನು ನನ್ನ ಮುಂದೆ ಹಿಡಿದಳು. ನಾನು ಲಸಿಕೆ ಹಾಕಿದೆ.

ಚೀಟಿಯನ್ನು ಮತ್ತೆ ತರಬೇಕೆಂದು ನಾನೇ ಮಸೂದೆ ಮಂಡಿಸಿದ್ದೇನೆ. ಇವತ್ತು ಮತದಾನ. ಐದು ಮತ ಬೇಕು, ನನ್ನದೂ ಸೇರಿ ಲೆಕ್ಕಕ್ಕೆ ಸಿಗುವುದು ನಾಲ್ಕು. ಬೆಳಿಗ್ಗೆಯಿಂದ ಬೀದಿಗೋಡೆಯ ಮೇಲೆ ಪ್ರಣತಿಯ ಮುಖ ಓಡುತ್ತಿದೆ: ಅವಳನ್ನು ಕೊಂದದ್ದು ತಂಪುಹಕ್ಕಿ ತಂದ ಮದ್ದಂತೆ. ಶಿವಗಂಗಾ ಗೋಡೆಗೆ ಬೆನ್ನು ಕೊಟ್ಟು ನಿಂತು, "ನಾ ಆಕಿ ತಾಯಿ ಅದೀನಿ, ನನ್ನ ಕೇಳ್ರಿ! ಮದ್ದು ಬರೋಕಿಂತ ಮೊದಲ ಹೋತು ನನ್ನ ಕೂಸು!" ಎಂದು ಕೂಗುತ್ತಿದ್ದಾಳೆ. ಜನ ಅವಳ ತಲೆಯ ಮೇಲಿಂದ ಚಿತ್ರ ನೋಡುತ್ತಿದ್ದಾರೆ.

ನಿಮ್ಮಲ್ಲಿ ಗೊತ್ತಿದ್ದೂ ಸುಮ್ಮನಿರುವವರಿಗೆ ನನ್ನದೊಂದು ಬೇಡಿಕೆ. ಜನ ಇನ್ನೂ ಕಿವಿಗೊಡುತ್ತಿರುವಾಗಲೇ ಬಾಯಿ ಬಿಡಿ. ನಾನು ಪೆನ್ನು ಇಟ್ಟು ಕೆಳಗೆ ಬೀದಿಗೆ ಇಳಿಯುತ್ತೇನೆ. ಶಿವಗಂಗಾ ಒಬ್ಬಳೇ ನಿಂತಿದ್ದಾಳೆ.

ನೀಲಾಂಬಿಕಾ