ತಂಗಿಗಾಗಿ ಹೇಳಿದ ಸುಳ್ಳು

ಹುಣ್ಣಿಮೆಯ ಮರುದಿನ. ನೀರಿನ ಮೇಲೆ ಚಂಡಮಾರುತವಂತೆ, ಅರಮನೆಯ ಹವಳದ ಗೋಡೆಗಳೂ ನಡುಗುತ್ತಿವೆ.

ಅಮ್ಮ ಇಂದು ತುಂಬಿದ ಸಭೆಯಲ್ಲಿ ಕಡಲಿನ ಪಟ್ಟವನ್ನು ತಂಗಿ ಮಾಯಾನಿಗೆ ಕೊಡಲು ಎದ್ದು ನಿಂತಳು. ಹಿರಿಯಳು ನಾನು. ಗಡಿಯಲ್ಲಿ ಶಾರ್ಕ್‌ಗಳ ಜೊತೆ ಕಾದಾಡಿ ಬಾಲ ಹರಿದುಕೊಂಡವಳೂ ನಾನು. ಅವಳು ಮಾಡಿದ್ದೇನು? ಹಾಡಿದಳು. ಅಷ್ಟಕ್ಕೇ ಊರೆಲ್ಲ ಅವಳ ಹಿಂದೆ.

ಆಗ ಸೋದರಮಾವ ಗ್ವಾರೆಲ್ ಎದ್ದ. “ನಿನ್ನೆ ಸಂಜೆ ಈ ಮಾಯಾನಿ ಉತ್ತರದ ಶತ್ರುಗಳ ದೂತನ ಜೊತೆ ಗುಟ್ಟಾಗಿ ಮಾತಾಡ್ತಿದ್ಲು. ನಮ್ಮ ಹೆಬ್ಬಾಗಿಲನ್ನೇ ಅವರಿಗೆ ಬಿಟ್ಕೊಡ್ತಾಳೆ. ನೀನೂ ನೋಡಿದ್ಯಲ್ಲ ಯಾರೀಸಾ, ಹೇಳಮ್ಮ.”

ಸಭೆಗೆ ಮುಂಚೆಯೇ ಅವನು ನನ್ನ ಕಿವಿಯಲ್ಲಿ, “ಒಂದ್ಸಲ ಹೂಂ ಅನ್ನು, ಪಟ್ಟ ನಿಂದೇ” ಎಂದಿದ್ದ.

ನಾನು ಏನೂ ನೋಡಿರಲಿಲ್ಲ. ಆದರೂ ಹೂಂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದ್ರೋಹಿಗಳನ್ನು ಬೆಳಕು ತಲುಪದ ಕಂದಕಕ್ಕೆ ತಳ್ಳುತ್ತಾರೆ. ಮಾಯಾನಿಗೆ ಚಿಕ್ಕಂದಿನಿಂದಲೂ ಕತ್ತಲೆಂದರೆ ಭಯ.

“ನಿನ್ನೆ ಸಂಜೆ ನನ್ನ ಕೋಣೇಲಿದ್ಲು. ನಾನೇ ಜಡೆ ಹಾಕ್ತಿದ್ದೆ” ಎಂದುಬಿಟ್ಟೆ.

ಮಾವನ ಮುಖ ಕಪ್ಪಿಟ್ಟಿತು. ಪಟ್ಟ ಅವಳಿಗೇ ಹೋಯಿತು.

ಆಮೇಲೆ ಅವಳು ಬಂದು ಕೇಳಿದಳು, “ಅಕ್ಕಾ, ನಾನು ತಪ್ಪು ಮಾಡಿಲ್ಲ ಅಂತ ನಿಂಗೆ ಹೇಗೆ ಗೊತ್ತಾಯ್ತು?”

“ಗೊತ್ತಿರ್ಲಿಲ್ಲ ಕಣೇ.”

ಅವಳು ಈಗ ನನ್ನ ಹಾಸಿಗೆಯಲ್ಲೇ ಮಲಗಿದ್ದಾಳೆ. ನಿದ್ದೆಯಲ್ಲೂ ಎಷ್ಟು ಚೆನ್ನಾಗಿ ಕಾಣುತ್ತಾಳೆ, ಹಾಳಾದವಳು. ಉಳಿಸಿಕೊಂಡ ಮೇಲಾದರೂ ಹೊಟ್ಟೆಕಿಚ್ಚು ತಣ್ಣಗಾಗುತ್ತದೆ ಅಂದುಕೊಂಡಿದ್ದೆ. ಇಲ್ಲ. ಬಾಲ ಚಾಚಲೂ ಜಾಗ ಬಿಟ್ಟಿಲ್ಲ, ಎಬ್ಬಿಸೋಣವೆಂದರೆ ಮನಸ್ಸು ಬರುತ್ತಿಲ್ಲ.